ಬುಧವಾರದ ಹಲ್ಲು

ಹಲ್ಲಿನ ಕೋಣೆಯ ಮುಂದಿನ ಬೆಂಚು ಖಾಲಿ ಇದ್ದುದನ್ನು ಕಂಡು ಪವಿತ್ರಳಿಗೆ ಮೊದಲು ಆದದ್ದು ಸಮಾಧಾನ. ಕೂರಲು ಜಾಗ ಸಿಕ್ಕಿತಲ್ಲ, ಅಷ್ಟೇ. ಮೈಸೂರಿನಿಂದ ನಂಜನಗೂಡಿನವರೆಗೆ ನಿಂತೇ ಬಂದಿದ್ದಳು. ಆಧಾರ್ ಕಾರ್ಡು ತೋರಿಸಿ ಪುಕ್ಕಟೆ ಟಿಕೆಟು ಹಿಡಿದ ಹೆಂಗಸರ ನಡುವೆ, ಯಾರದೋ ಮೊಣಕೈಯಿಂದ ಪಕ್ಕೆಗೆ ತಿವಿಸಿಕೊಳ್ಳುತ್ತ. ಈ ಶನಿವಾರ ಎರಡು ಸಹಿ ಆಗಬೇಕಿತ್ತು. ಬೆಳಿಗ್ಗೆ ಇಲ್ಲಿ, ನಂಜನಗೂಡಿನ ಈ ಟ್ರಸ್ಟ್ ಆಸ್ಪತ್ರೆಯಲ್ಲಿ, ಕೌನ್ಸೆಲರ್ ಚಿಕ್ಕಬಸಮ್ಮನದು. ಮಧ್ಯಾಹ್ನ ಮೂರಕ್ಕೆ ಅದೇ ಟ್ರಸ್ಟಿನ ತಿ. ನರಸೀಪುರದ ಕಚೇರಿಯಲ್ಲಿ ಆಡಳಿತ ಸಮಿತಿಯದು. ಎರಡೂ ಆದರೆ ಅವಳ ಕಂಪನಿ ಸಿಸ್ಟಮ್ ಕಟ್ಟಲು ಶುರುಮಾಡಬಹುದು. ಸಿಸ್ಟಮ್ ಎಂದರೆ, ಈ ಎರಡು ತಾಲ್ಲೂಕಿನಲ್ಲಿ ನಿದ್ದೆ ಕೆಟ್ಟು, ಊಟ ಬಿಟ್ಟು, ಬದುಕೇ ಬೇಡವೆನಿಸಿ ಇಲ್ಲಿಗೆ ಬರುವ ಹುಡುಗ ಹುಡುಗಿಯರು ಯಾರು, ಯಾವಾಗ ಬಂದರು, ಏನಂದರು, ಮತ್ತೆ ಯಾವಾಗ ಬರಬೇಕು ಎಂಬುದನ್ನೆಲ್ಲ ಕಂಪ್ಯೂಟರಿನಲ್ಲಿ ಕೂಡಿಡುವುದು. ಅದರಲ್ಲಿ ಏನೇನು ಇರಬೇಕೆಂದು ಜನರನ್ನು ಕೇಳಿ ಬರೆದುಕೊಂಡು ಹೋಗುವುದು ಪವಿತ್ರಳ ಕೆಲಸ. ಕಂಪನಿಯಲ್ಲಿ ಇದಕ್ಕೆ ಮಾರುದ್ದದ ಹೆಸರಿದೆ. ದೇವನೂರಿನಲ್ಲಿ ಅವಳ ಅಪ್ಪ ಕರಿಯಯ್ಯ ಮಾತ್ರ ಕೇಳಿದವರಿಗೆಲ್ಲ, ನನ್ ಮಗ್ಳು ಬರ್ಕೊಳೋ ಕೆಲ್ಸದಲ್ಲವ್ಳೆ ಎನ್ನುತ್ತಾನೆ.

ಮೂರು ವಾರದ ಹಿಂದೆ ಇದೇ ಬೆಂಚಿನ ಮೇಲೆ ಹನ್ನೊಂದು ಜನ ಇದ್ದರು. ಎಣಿಸಿದ್ದಳು, ಎಣಿಸುವುದೂ ಕೆಲಸವೇ. ಎಲ್ಲರೂ ಹದಿನಾರರಿಂದ ಇಪ್ಪತ್ತೆರಡರೊಳಗಿನವರು, ಎಲ್ಲರ ಕೈಯೂ ಕೆನ್ನೆಯ ಮೇಲೆ. ಒಬ್ಬಳು ಕರ್ಚೀಫು ಮಡಿಸಿ ದವಡೆಗೆ ಒತ್ತಿಕೊಂಡಿದ್ದಳು. ಊರಲ್ಲಿ ಇಷ್ಟು ಹುಳುಕು ಹಲ್ಲೇ ಎಂದು ಪವಿತ್ರ ಬೆರಗಾಗಿದ್ದಳು. ಆಮೇಲೆ ಗೋಡೆಯ ಬೋರ್ಡು ನೋಡಿದರೆ ಹಲ್ಲಿನ ಡಾಕ್ಟರು ಬರುವುದು ಮಂಗಳವಾರ, ಶುಕ್ರವಾರ, ಅವತ್ತು ಬುಧವಾರ. ಕೇಳಿದ್ದಕ್ಕೆ ಚಿಕ್ಕಬಸಮ್ಮ ನಕ್ಕು, ಬಾಗಿಲು ಮುಂದೆ ಮಾಡಿ, ಟೀ ತರಿಸಿ, ಹೇಳಿದ್ದಳು. ಮನಸ್ಸಿಗೆ ಅಂತ ಬೋರ್ಡು ಹಾಕಿದರೆ ಒಂದು ನರಪಿಳ್ಳೆಯೂ ಈ ಕಡೆ ತಲೆ ಹಾಕುವುದಿಲ್ಲ. ಚೀಟಿ ಕೊಡುವ ಕಿಟಕಿಯ ಮುಂದೆ ನಾಲ್ಕು ಊರಿನವರು ನಿಂತಿರುತ್ತಾರೆ, ಸಂಜೆಯೊಳಗೆ ಹುಲ್ಲಹಳ್ಳಿ ಸಂತೆಯವರೆಗೂ ಸುದ್ದಿ ಮುಟ್ಟುತ್ತದೆ. ಅದಕ್ಕೇ ಬುಧವಾರ, ಶನಿವಾರ ಬರುವ ಮಕ್ಕಳು ಕಿಟಕಿಯಲ್ಲಿ ಹಲ್ಲು ಅನ್ನುತ್ತಾರೆ. ಕಿಟಕಿಯವನು ಹಲ್ಲು ಅಂತಲೇ ಚೀಟಿ ಬರೆಯುತ್ತಾನೆ. ಹಲ್ಲಿನ ಕೋಣೆಯೊಳಗಿಂದ ಇನ್ನೊಂದು ಬಾಗಿಲಿದೆ, ಅದು ಚಿಕ್ಕಬಸಮ್ಮನ ಕೋಣೆಗೆ. ಆರು ವರ್ಷದಿಂದ ಹೀಗೆ. ಮನೆಯಲ್ಲಿ ಅಜ್ಜಿಯರು ಲವಂಗ ಅರೆದು ಕೊಡುತ್ತಾರೆ, ಮಕ್ಕಳು ಸುಮ್ಮನೆ ದವಡೆಗಿಟ್ಟುಕೊಳ್ಳುತ್ತವೆ. ಹದಿನಾರು ಎಂಬ ಊರಿನ ಕಡೆಯ ಒಂದು ಹುಡುಗಿಯನ್ನು ನೋಡಲು ಬಂದ ಗಂಡಿನವರು, ಹುಡುಗಿಗೆ ಹಲ್ಲಿಲ್ಲವಂತಲ್ಲ ಎಂದು ಬಾಯಿ ತೆರೆಸಿ ನೋಡಿ, ಇದ್ದಾವಲ್ಲ ಅಂತ ಒಪ್ಪಿಕೊಂಡು ಹೋದರಂತೆ. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು. ನೀನು ನಮ್ ಕಡೆ ಹುಡ್ಗಿ ಅಂತ ಹೇಳ್ದೆ ಕಣವ್ವ, ಎಂದಿದ್ದಳು ಚಿಕ್ಕಬಸಮ್ಮ. ಪವಿತ್ರ ತಲೆಯಾಡಿಸಿದ್ದಳು. ತಲೆಯಾಡಿಸುತ್ತಲೇ ಬರೆದುಕೊಂಡಿದ್ದಳು.

ಒಳಗಿನಿಂದ ಚಿಕ್ಕಬಸಮ್ಮ ಬಂದಳು. ಐವತ್ತೆರಡು ವರ್ಷದ, ನರ್ಸಾಗಿದ್ದು ಆಮೇಲೆ ಓದಿ ಕೌನ್ಸೆಲರ್ ಆದ ಹೆಂಗಸು. ನಡೆಯುವಾಗ ಚಪ್ಪಲಿ ಎಳೆಯುತ್ತಾಳೆ. ಇವತ್ತು ಬಾ ಅನ್ನಲಿಲ್ಲ, ಕೂತ್ಕೊ ಅನ್ನಲಿಲ್ಲ.

"ಸೈನ್ ತಗೊಳ್ಳೋಕೆ ಬಂದ್ಯಾ?"

"ಹೂಂ ಅಕ್ಕ. ಯಾಕೆ, ಇವತ್ತು ಯಾರೂ ಬಂದಿಲ್ವಾ?"

"ಬರ್ತಾರೆ ಇರು, ವರದೀಲಿ ಬರ್ದ್ ಹಾಕಿದ್ಯಲ್ಲ. ನಿನ್ ನಾಕ್ನೇ ಪಾಯಿಂಟು ಓದ್ಕೊಂಡ್ ಸಾಲಾಗಿ ಬರ್ತಾರೆ."

ನಾಲ್ಕನೇ ಪಾಯಿಂಟು. ಪವಿತ್ರಳಿಗೆ ಅದು ಬಾಯಿಪಾಠವಿತ್ತು. ಸದ್ಯದ ಪದ್ಧತಿ ಎಂಬ ತಲೆಬರಹದ ಕೆಳಗೆ, ಇಲ್ಲಿ ಈಗ ಕೆಲಸ ಹೇಗೆ ನಡೆಯುತ್ತಿದೆಯೋ ಹಾಗೆಯೇ ಬರೆಯಬೇಕು ಎಂಬುದು ಅವಳ ಕಸುಬಿನ ಮೊದಲ ಪಾಠ. ಹಾಗೆಯೇ ಬರೆದಿದ್ದಳು: ಬುಧವಾರ ಮತ್ತು ಶನಿವಾರ ಆಪ್ತಸಮಾಲೋಚನೆಗೆ ಬರುವ ಯುವಜನರಿಗೆ ದಂತ ವಿಭಾಗದ ಚೀಟಿ ನೀಡಲಾಗುತ್ತಿದೆ, ಇದರಿಂದ ಅಂಕಿಅಂಶಗಳು ತಪ್ಪಾಗುತ್ತಿವೆ. ಹಳದಿ ಬಣ್ಣ ಬಳಿದಿದ್ದಳು ಬೇರೆ. ಮ್ಯಾನೇಜರ್ ದೀಪಕ್ ಅದನ್ನು ಓದಿ, ಸೂಪರ್ ಫೈಂಡಿಂಗ್ ಪವಿತ್ರ, ಎಂದು ಎಲ್ಲರೆದುರು ಹೇಳಿದ್ದ. ಆ ಮಾತನ್ನು ಅವಳು ಎರಡು ದಿನ ಮನಸ್ಸಿನಲ್ಲಿ ಸಿಹಿ ತಿಂಡಿಯಂತೆ ಚಪ್ಪರಿಸಿದ್ದಳು. ವರದಿ ಸಮಿತಿಯ ವಾಟ್ಸಾಪ್ ಗುಂಪಿಗೆ ಹೋಗಿತ್ತು. ಗುಂಪಿನಲ್ಲಿ ಹದಿನಾಲ್ಕು ಜನ. ಅವರಿಗೂ ಮನೆಯಿದೆ, ಮನೆಯಲ್ಲಿ ಮಕ್ಕಳಿದ್ದಾರೆ, ಆ ಮಕ್ಕಳಿಗೂ ಹಲ್ಲು ನೋಯುತ್ತದೆ ಎಂಬುದು ಅವಳ ತಲೆಗೆ ಹೊಳೆದಿರಲಿಲ್ಲ.

"ಹುಲ್ಲಳ್ಳಿ ದೇವರಾಜು ಗೊತ್ತಲ್ಲ, ಡೈರಿ ಅಧ್ಯಕ್ಷ, ಸಮಿತೀಲವ್ನೆ," ಎಂದಳು ಚಿಕ್ಕಬಸಮ್ಮ. ದನಿ ಏರಿಸಲಿಲ್ಲ, ಏರಿಸಿದ್ದರೆ ಚೆನ್ನಾಗಿತ್ತು. "ಅವ್ನ ಮಗ್ಳು ಬಿಂದುಶ್ರೀ. ಡಿಗ್ರಿ ಮೊದಲ್ನೇ ವರ್ಷ. ತಾಯಿ ಕದ್ದು ಕರ್ಕೊಂಡ್ ಬರ್ತಿದ್ಲು. ಊಟ ಬಿಟ್ಟಿದ್ಲು, ಬದ್ಕೋಕೆ ಇಷ್ಟ ಇಲ್ಲ ಅಂತಿದ್ಲು. ಐದು ತಿಂಗ್ಳು ಬೇಕಾಯ್ತು ನಂಗೆ, ಅವ್ಳ ಬಾಯಿಂದ ಒಂದ್ ಮಾತು ಹೊರಡ್ಸೋಕೆ. ಹೋದ್ ತಿಂಗ್ಳು ಮೊದಲ್ನೇ ಸಲ ಬಂದು, ಆಂಟಿ ಹಸಿವಾಯ್ತದೆ ಅಂದ್ಲು. ಅಪ್ಪ ನಿನ್ ವರದಿ ಓದ್ದ. ಕ್ಯಾಲೆಂಡರ್ ಹಿಂದೆ ಸಿಗ್ಸಿದ್ ಚೀಟಿ ತೆಗ್ದ. ಎಲ್ಲಾ ಬುಧ್ವಾರದ್ದೇ. ಮಾತ್ರೆ ತಿಪ್ಪೆಗೆ ಎಸ್ದ, ಫೋನ್ ಕಿತ್ಕೊಂಡ, ಕಾಲೇಜು ಬಿಡಿಸ್ದ. ತಾಯಿ ಯಾರ್ದೋ ಫೋನಿಂದ ಮಾಡಿ ಅಳ್ತಿದ್ಲು, ಮತ್ತೆ ಅನ್ನ ಮುಟ್ತಿಲ್ವಂತೆ. ಹತ್ತು ದಿನ ಆಯ್ತು. ಆ ಹುಡ್ಗಿಗೆ ಏನಾದ್ರೂ ಆದ್ರೆ ಅದಕ್ಕೂ ಒಂದ್ ಪಾಯಿಂಟ್ ಬರ್ಕೋ."

"ಅಕ್ಕ, ನಂಗೆ ಗೊತ್ತಾಗ್ಲಿಲ್ಲ—"

"ನೋಡಿದ್ದೀಯೇನೇ ಅವ್ಳ ಹಲ್ಲ? ಎಳೇ ಮುಸುಕಿನ ಜೋಳ. ಒಂದ್ ಹುಳುಕಿಲ್ಲ. ಒಂದೇ ಒಂದು ಇದ್ದಿದ್ರೂ ಇವತ್ತು ಬಚಾವಾಗ್ತಿದ್ಲು." ಫೈಲು ಎಳೆದುಕೊಂಡು, ಓದದೆ, ಕೊನೆಯ ಹಾಳೆಯಲ್ಲಿ ಸಹಿ ಹಾಕಿದಳು. "ತಗೋ. ನಿಂಗೆ ಬೇಕಾಗಿದ್ದು ಇದೇ ಅಲ್ವಾ. ಹೋಗು."

ಸಹಿ ಹಾಕದೆ ಬೈದಿದ್ದರೆ ಎದುರು ಮಾತಾಡಬಹುದಿತ್ತು. ನರಸೀಪುರದ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕುಳಿತು ಪವಿತ್ರ ಇಡೀ ಜಗತ್ತಿನ ಮೇಲೆ ಹಲ್ಲು ಕಡಿಯುತ್ತಿದ್ದಳು. ದೇವರಾಜುವಿನ ಮೇಲೆ, ದೀಪಕ್‌ನ ಮೇಲೆ, ಹದಿನಾಲ್ಕು ಜನರ ವಾಟ್ಸಾಪ್ ಗುಂಪಿನ ಮೇಲೆ, ನಮ್ ಕಡೆ ಹುಡ್ಗಿ ಅಂತ ನಂಬಿದ ಚಿಕ್ಕಬಸಮ್ಮನ ಮೇಲೆ. ಯಾರು ಹೇಳಿದ್ದರು ನಂಬು ಅಂತ? ಬರೆದುಕೊಳ್ಳುವವಳ ಎದುರು ಯಾರಾದರೂ ಬಾಯಿ ಬಿಡುತ್ತಾರೆಯೇ? ನಾಲೆಯ ನೀರು ಗದ್ದೆಗೆ ಬಿಟ್ಟಿದ್ದರು, ನಾಟಿಯ ಹೆಂಗಸರು ಬಗ್ಗಿಕೊಂಡೇ ಹಿಂದಕ್ಕೆ ಹಿಂದಕ್ಕೆ ಸರಿಯುತ್ತಿದ್ದರು, ಅವಳಿಗೆ ಅವರ ಮೇಲೂ ಸಿಟ್ಟು ಬಂತು. ಇಪ್ಪತ್ತು ವರ್ಷದ ಹಿಂದೆ ದೇವನೂರಿನ ಶಾಲೆಗೆ ಬಂದ ಇನ್‌ಸ್ಪೆಕ್ಟರು ಕೇಳಿದ್ದರು, ಬಿಸಿಯೂಟದಲ್ಲಿ ಉಳಿದ ಅನ್ನ ಏನು ಮಾಡ್ತಾರೆ ಮಕ್ಕಳೇ? ಐದನೇ ತರಗತಿ. ಯಾರೂ ಏಳಲಿಲ್ಲ. ಎಲ್ಲರಿಗೂ ಗೊತ್ತಿತ್ತು, ಎಲ್ಲರೂ ಕಾಲಿನ ಹೆಬ್ಬೆರಳು ನೋಡುತ್ತಿದ್ದರು. ಅವಳೊಬ್ಬಳು ಎದ್ದು ಕೈಕಟ್ಟಿ ನಿಂತು, ಸಾಕಮ್ಮ ಚಿಕ್ಕಮ್ಮ ಡಬ್ಬೀಲಿ ಮನೆಗೆ ತಕ್ಕೊಂಡೋಯ್ತಾರೆ ಸಾ, ಎಂದಿದ್ದಳು. ಭೇಷ್ ಎಂದರು ಇನ್‌ಸ್ಪೆಕ್ಟರು. ನಿಜ ಹೇಳುವ ಮಕ್ಕಳು ಬೇಕು ದೇಶಕ್ಕೆ ಎಂದರು. ಜೇಬಿನಿಂದ ನೀಲಿ ಪೆನ್ನು ತೆಗೆದು ಕೊಟ್ಟರು. ಆ ಮಾತಿನಿಂದ ಶಾಲೆಯ ಅಡುಗೆ ಕೆಲಸ ಹೋದ ಮೇಲೂ ಸಾಕಮ್ಮ ಚಿಕ್ಕಮ್ಮ ಒಂದು ಮಾತು ಆಡಲಿಲ್ಲ. ಮುಂದಿನ ಹಬ್ಬದಲ್ಲಿ ಒಬ್ಬಟ್ಟು ಕೊಡುವಾಗ ಎಲ್ಲರಿಗೂ ಎರಡು, ಅವಳಿಗೂ ಎರಡೇ. ಅದನ್ನೇ ಅವಳಿಗೆ ತಡೆಯಲಾಗಲಿಲ್ಲ. ಆ ಪೆನ್ನು ಇವತ್ತಿಗೂ ದೇವನೂರಿನ ಮನೆಯ ಗೂಡಿನಲ್ಲಿದೆ, ಅಂಬೇಡ್ಕರ್ ಫೋಟೋದ ಪಕ್ಕ. ಅಪ್ಪ ಬಂದವರಿಗೆಲ್ಲ ತೋರಿಸುತ್ತಾನೆ. ಎಷ್ಟು ಸಲ ಕಪಿಲಾ ಹೊಳೆಗೆ ಎಸೆಯಬೇಕೆಂದುಕೊಂಡಿದ್ದಾಳೋ. ನಿಜ ಹೇಳುವುದು ಒಂದು ಚಟ. ಕುಡಿತದ ಹಾಗೆ ಅದರಲ್ಲೂ ಮನೆ ಹಾಳಾಗುವುದು ಬೇರೆಯವರದು.

ಫೋನು ಬಡಿದುಕೊಂಡಿತು. ದೀಪಕ್.

"ಸೈನ್ ಆಯ್ತಾ?"

"ಒಂದಾಯ್ತು. ದೀಪಕ್, ನಾಲ್ಕನೇ ಪಾಯಿಂಟ್ ತೆಗೆಯೋಣ. ಒಂದು ಹುಡುಗಿಗೆ ತೊಂದರೆಯಾಗಿದೆ."

"ಅಯ್ಯೋ ಪವಿತ್ರ, ಅದೇ ನಮ್ಮ ಹೈಲೈಟು. ಆ ತರ ಡೇಟಾ ಇಟ್ಕೊಂಡು ಸಿಸ್ಟಮ್ ಹೇಗೆ ಕಟ್ಟೋದು? ಹುಡುಗಿ ವಿಷಯ ಬೇಜಾರಾಗುತ್ತೆ, ಬಟ್ ಅದು ಅವರ ಫ್ಯಾಮಿಲಿ ಮ್ಯಾಟರ್. ಎಮೋಷನಲ್ ಆಗ್ಬೇಡಿ. ಸೈನ್ ತಗೊಂಡ್ ಬನ್ನಿ, ಪ್ಲೀಸ್."

ಎಮೋಷನಲ್. ಮನಸ್ಸಿಗೆ ಸಿಸ್ಟಮ್ ಕಟ್ಟುವವನು ಹೇಳುವ ಮಾತು. ಅವಳು ಫೋನನ್ನು ಚೀಲಕ್ಕೆ ತುರುಕಿದಳು.

ನರಸೀಪುರದ ಕಚೇರಿಯಲ್ಲಿ ಪ್ಲಾಸ್ಟಿಕ್ ಕುರ್ಚಿಗಳು, ಬಿಸ್ಕತ್ತಿನ ತಟ್ಟೆ, ಗರಗರ ಎನ್ನುವ ಫ್ಯಾನು. ಹನ್ನೊಂದು ಜನ ಬಂದಿದ್ದರು, ಎಲ್ಲ ಗಂಡಸರು. ಅಧ್ಯಕ್ಷರು ಮಹಾದೇವಸ್ವಾಮಿ, ನಿವೃತ್ತ ಮೇಷ್ಟರು, ಆಸ್ಪತ್ರೆಯ ಮೂಲೆ ಮೂಲೆ ಬಲ್ಲವರು. ದೇವರಾಜು ಎದುರಿಗೇ ಕುಳಿತಿದ್ದ. ಅವನನ್ನು ರಾಕ್ಷಸನಂತೆ ಕಲ್ಪಿಸಿಕೊಂಡು ಬಂದವಳಿಗೆ, ಇಸ್ತ್ರಿ ಅಂಗಿಯ ಈ ಮನುಷ್ಯನ ಕಣ್ಣು ನಿದ್ದೆಗೆಟ್ಟು ಕೆಂಪಾಗಿದ್ದುದು ಮತ್ತಷ್ಟು ಸಿಟ್ಟು ತಂದಿತು. ಇವನಿಗೂ ನಿದ್ದೆ ಕೆಡುವ ಹಕ್ಕಿದೆಯೇ?

"ಮೇಡಂ ಯಾವೂರಾಯ್ತು?" ಎಂದ, ಮೊದಲ ಮಾತಿಗೇ.

"ದೇವನೂರು ಸಾರ್."

"ದೇವನೂರಲ್ಲಿ ಯಾವ್ ಬೀದಿ?"

ಹೇಳಿದಳು. ಓಹೋ, ಎಂದ. ಪಕ್ಕದವನು ಬಿಸ್ಕತ್ತಿನ ತಟ್ಟೆಯನ್ನು ತನ್ನ ಕಡೆಗೆ ಒಂದಿಷ್ಟು ಎಳೆದುಕೊಂಡ. ಬೇಕೆಂದೇ ಎಳೆದನೋ, ಸುಮ್ಮನೆ ಎಳೆದನೋ, ಈ ಲೆಕ್ಕ ಅವಳು ಹುಟ್ಟಿದಾಗಿನಿಂದ ಹಾಕುತ್ತಲೇ ಇದ್ದಾಳೆ, ಇವತ್ತು ಅದಕ್ಕೆ ಪುರುಸೊತ್ತಿರಲಿಲ್ಲ.

"ನಮ್ದೊಂದು ಬೇಡ್ಕೆ ಬರ್ಕೊಳಿ," ಎಂದ ದೇವರಾಜು. "ಸಿಸ್ಟಮ್ ಬಂದ್ಮ್ಯಾಕೆ, ಯಾರ್ ಮನೆ ಮಕ್ಳು ಚೀಟಿ ಮಾಡ್ಸುದ್ರೂ ಮನೆ ಯಜಮಾನ್ನ ಫೋನಿಗೆ ಮೆಸೇಜ್ ಬರ್ಬೇಕು. ಕದ್ದು ಮುಚ್ಚಿ ಯಾವ್ದೂ ಬ್ಯಾಡ." ಹಲವು ತಲೆಗಳು ಅಲ್ಲಾಡಿದವು. "ಇನ್ನೊಂದು. ಈ ನಾಕ್ನೇ ಪಾಯಿಂಟು, ನೀವೇ ಬರ್ದಿರೋದಾ?"

"ಹೌದು ಸಾರ್."

ಅವನು ಜೇಬಿಗೆ ಕೈ ಹಾಕಿ ಒಂದು ಕಟ್ಟು ಚೀಟಿ ತೆಗೆದು ಮೇಜಿನ ಮೇಲಿಟ್ಟ. ರಬ್ಬರ್ ಬ್ಯಾಂಡ್ ಹಾಕಿದ್ದ. ಹತ್ತು ದಿನದಿಂದ ಎದೆಯ ಮೇಲಿಟ್ಟುಕೊಂಡು ಓಡಾಡುತ್ತಿದ್ದನೇನೋ, ಬೆವರಿಗೆ ಅಂಚು ಹಳದಿಗಟ್ಟಿತ್ತು. "ನಮ್ಮ್ ಕಡೆ ಒಂದ್ ಮಗೀಂದು ಇವು. ಹಲ್ಲು ಅಂತ ಅದೆ. ನಿಮ್ ವರದಿ ನೋಡುದ್ರೆ ಹಲ್ಲಲ್ಲ ಅಂತದೆ. ಯಾವ್ದು ನಿಜ ಯೇಳಿ. ಎಲ್ರ ಮುಂದೂ ಯೇಳಿ."

ಫ್ಯಾನು ಗರಗರ ಎಂದಿತು. ಮಹಾದೇವಸ್ವಾಮಿ ಮೇಷ್ಟರು ಕಾಲಿನ ಹೆಬ್ಬೆರಳು ನೋಡುತ್ತಿದ್ದರು. ಪವಿತ್ರಳಿಗೆ ಆ ಹೆಬ್ಬೆರಳುಗಳು ಗೊತ್ತು. ಇಡೀ ಐದನೇ ತರಗತಿ ಹಾಗೆ ನೋಡುತ್ತಿತ್ತು, ತಾನೊಬ್ಬಳೇ ಎದ್ದು ನಿಂತಿದ್ದಳು, ಕೈಕಟ್ಟಿಕೊಂಡು, ದೇಶಕ್ಕೆ ಬೇಕಾದ ಹುಡುಗಿ. ಆಂಟಿ ಹಸಿವಾಯ್ತದೆ. ಮೈಯೆಲ್ಲ ಉರಿಯಿತು. ಇಷ್ಟು ಜನ ಗಂಡಸರು ಕೂತು ಒಂದು ಹುಡುಗಿಯ ಹೊಟ್ಟೆಯ ಹಸಿವನ್ನು ವಿಚಾರಣೆ ಮಾಡುತ್ತಿದ್ದಾರೆ, ಮಾಡಿಸುತ್ತಿರುವವಳು ತಾನು.

"ತಪ್ಪು ನನ್ನದು ಸಾರ್," ಎಂದಳು. ದನಿ ತನ್ನದಲ್ಲ ಎನಿಸಿತು. "ನನಗೆ ಸರಿಯಾಗಿ ಅರ್ಥವಾಗಿರಲಿಲ್ಲ. ಚೀಟಿ ನೋಡಿ ಏನೋ ಊಹಿಸಿಕೊಂಡು ಬರೆದುಬಿಟ್ಟೆ. ಬುಧವಾರವೂ ಹಲ್ಲಿನ ಡಾಕ್ಟರು ಬರ್ತಾರೆ."

"ಬೋರ್ಡಲ್ಲಿ ಮಂಗ್ಳವಾರ, ಶುಕ್ರವಾರ ಅಂತ ಅದಲ್ಲ?" ಎಂದ ಯಾರೋ.

ಆಮೇಲೆ ಮೇಷ್ಟರು, ತಲೆ ಎತ್ತದೆ, "ಬರ್ತಾರೆ," ಎಂದರು. "ಬೋರ್ಡು ಹಳೇದು."

"ನಾನೇ ಹಲ್ಲು ತೋರಿಸಿಕೊಂಡೆ ಸಾರ್," ಎಂದಳು ಪವಿತ್ರ. ಸುಳ್ಳು ಇಷ್ಟು ಸಲೀಸಾಗಿ ಬರುತ್ತದೆಂದು ಗೊತ್ತಿದ್ದರೆ ಇಪ್ಪತ್ತು ವರ್ಷದ ಹಿಂದೆಯೇ ಶುರುಮಾಡುತ್ತಿದ್ದಳು. "ಮೂರು ವಾರದ ಹಿಂದೆ, ಬುಧವಾರವೇ ತುಂಬಿಸಿಕೊಂಡೆ."

"ಯಾವ್ ಹಲ್ಲು?"

ದೇವರಾಜು ಮುಂದಕ್ಕೆ ಬಾಗಿದ್ದ. ಅವಳಿಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ಆಮೇಲೆ ಅವಳು ಬಾಯಿ ತೆರೆದಳು. ಹನ್ನೊಂದು ಜನರ ಎದುರು, ಕೆಳದವಡೆ ಇಳಿಸಿ, ಬೆರಳಿನಿಂದ ತುಟಿ ಪಕ್ಕಕ್ಕೆ ಎಳೆದು, ಹೋದ ವರ್ಷ ಮೈಸೂರಿನಲ್ಲಿ ತುಂಬಿಸಿದ್ದ ಬಲಗಡೆಯ ದವಡೆ ಹಲ್ಲನ್ನು ತೋರಿಸಿದಳು. ದೇವರಾಜು ಎದ್ದು ಬಂದು, ಡೈರಿಯವನಲ್ಲವೇ, ರಾಸು ಕೊಳ್ಳುವವರು ನೋಡುವಂತೆ ಕತ್ತು ಓರೆ ಮಾಡಿ ನೋಡಿದ. ಇನ್ನಿಬ್ಬರು ಇಣುಕಿದರು. ಎಂಜಲು ಗಲ್ಲದ ಮೇಲೆ ಇಳಿಯಿತು. ಮುಚ್ಚಬಹುದಿತ್ತು, ಮುಚ್ಚಲಿಲ್ಲ, ಅವನೇ ಸಾಕು ಎನ್ನುವವರೆಗೂ ತೆರೆದೇ ಇಟ್ಟಿದ್ದಳು. ನೋಡು, ಚೆನ್ನಾಗಿ ನೋಡು, ನುಂಗಿಬಿಡುತ್ತೇನೆ ಎನ್ನುವಷ್ಟು ಸಿಟ್ಟಿತ್ತು ಆ ಬಾಯಿಯಲ್ಲಿ, ಯಾರಿಗೂ ಕಾಣಲಿಲ್ಲ.

"ಸರಿ ಬುಡಿ," ಎಂದ ದೇವರಾಜು.

ನಾಲ್ಕನೇ ಪಾಯಿಂಟು ತಪ್ಪು ಮಾಹಿತಿ, ತೆಗೆಯತಕ್ಕದ್ದು ಎಂದು ನಡಾವಳಿಯಲ್ಲಿ ಬರೆಸಿದರು. ಇಂಥ ಅಜಾಗರೂಕ ಸಿಬ್ಬಂದಿಯನ್ನು ಕಳಿಸಬಾರದೆಂದು ಕಂಪನಿಗೆ ಪತ್ರ ಬರೆಯಬೇಕೆಂದರು. ಸಹಿ ಮುಂದಿನ ತಿಂಗಳಿಗೆ ಹೋಯಿತು. ಯಜಮಾನನ ಫೋನಿನ ಮಾತನ್ನು ಮೇಷ್ಟರು ಅದೂ ಮುಂದಿನ ತಿಂಗಳು ನೋಡೋಣ ಎಂದು ತೇಲಿಸಿಬಿಟ್ಟರು. ಹೋಗುವಾಗ ಬಿಸ್ಕತ್ತಿನ ತಟ್ಟೆಯನ್ನು ತಾವೇ ತಂದು ಅವಳ ಮುಂದಿಟ್ಟರು. ಅವಳು ಮುಟ್ಟಲಿಲ್ಲ.

ಹೊರಗೆ ಜಗುಲಿಯ ಮೇಲೆ ದೇವರಾಜು ಕಾಯುತ್ತಿದ್ದ. ಒಬ್ಬನೇ ಇದ್ದಾಗ ಚಿಕ್ಕವನಾಗಿ ಕಂಡ.

"ಅವ್ಳು ನನ್ ಮಗ್ಳೇ ಕನವ್ವ. ಹಂಗಾದ್ರೆ ಹಲ್ಲೇ ಅನ್ನು?"

"ಹಲ್ಲೇ ಸಾರ್."

"ಮತ್ಯಾಕೆ ಉಣ್ಣಲ್ಲ ಅವ್ಳು?"

"ನೋವಿರುತ್ತಲ್ಲ ಸಾರ್. ಅಗಿಯೋಕಾಗಲ್ಲ."

ಅವನ ಮುಖ ಸಡಿಲವಾಯಿತು. ಕಣ್ಣಲ್ಲಿ ನೀರು ಕೂಡ ಬಂದಂತಿತ್ತು. ನಂಬಬೇಕೆಂದು ಹತ್ತು ದಿನದಿಂದ ಹಸಿದು ಕೂತಿದ್ದವನು, ಬಡಿಸಿದ್ದನ್ನೆಲ್ಲ ಉಂಡ. ಇವನಿಗೆ ಬೇಕಾಗಿದ್ದು ಮಗಳಲ್ಲ, ಮಗಳ ಹಲ್ಲು. ಪವಿತ್ರಳಿಗೆ ಅವನ ಕಪಾಳಕ್ಕೆ ಬಾರಿಸಬೇಕೆನಿಸಿತು, ಅದೇ ಕ್ಷಣದಲ್ಲಿ ಅಯ್ಯೋ ಅನಿಸಿತು, ಅಯ್ಯೋ ಅನಿಸಿದ್ದಕ್ಕೆ ಇನ್ನೂ ಸಿಟ್ಟು ಬಂತು.

"ಪ್ರತಿ ಬುಧವಾರ ಕಳಿಸಿ ಸಾರ್. ಆರು ತಿಂಗಳು ಬೇಕಾಗುತ್ತೆ."

"ಆರ್ ತಿಂಗ್ಳಾ? ಬ್ಯಾಡ ಬ್ಯಾಡ. ಈ ಬುಧ್ವಾರ ನಾನೇ ಕರ್ಕಂಡ್ ಬತ್ತೀನಿ. ಕೀಳ್ಸೇ ಬುಡನ. ಕಿತ್ತಿದ್ ಹಲ್ನ ನನ್ ಕೈಗೆ ಕೊಡ್ಲಿ, ಮನೇಲಿ ನಮ್ಮವ್ವಂಗೆ ತೋರುಸ್ಬೇಕು. ಊರೋರ್ ಬಾಯೂ ಮುಚ್ತದೆ." ಚೀಟಿಯ ಕಟ್ಟನ್ನು ಮತ್ತೆ ಜೇಬಿಗೆ ಹಾಕಿಕೊಂಡ. "ದ್ಯಾವ್ರು ವಳ್ಳೇದ್ ಮಾಡ್ಲಿ ನಿಂಗೆ," ಎಂದು ಹೊರಟ.

ಬಸ್ ನಿಲ್ದಾಣದ ಕಲ್ಲುಬೆಂಚಿನ ಮೇಲೆ ಫೈಲನ್ನು ತೊಡೆಯ ಮೇಲಿಟ್ಟುಕೊಂಡು ಪವಿತ್ರ ಚಿಕ್ಕಬಸಮ್ಮನಿಗೆ ಫೋನು ಮಾಡಿದಳು. ಮೂರನೇ ಸಲಕ್ಕೆ ಆಕೆ ಎತ್ತಿದಳು. ಪವಿತ್ರ ಎಲ್ಲವನ್ನೂ ಹೇಳಿದಳು, ತಾನು ಬಾಯಿ ತೆರೆದದ್ದೊಂದನ್ನು ಬಿಟ್ಟು.

"ಅವ್ನೇ ಕರ್ಕೊಂಡ್ ಬರ್ತಾನಂತಾ?" ಎಂದಳು ಚಿಕ್ಕಬಸಮ್ಮ.

"ಬರ್ತಾನಂತೆ. ಕಿತ್ತ ಹಲ್ಲು ಕೈಗೆ ಕೊಡ್ಬೇಕಂತೆ. ಅಕ್ಕ, ಅವ್ಳ ಹಲ್ಲು..."

"ಅವ್ಳ ಹಲ್ಲು ಯಾವನ್ ಮುಟ್ತಾನೆ? ಬಾಗ್ಲು ಹಾಕೊಂಡ್ರೆ ನಂಗೆ ಒಂದ್ ಗಂಟೆ ಸಿಕ್ತದೆ. ಅವ್ನು ಹೊರ್ಗಡೆ ಬೆಂಚಲ್ಲಿ ಕೂತಿರ್ಲಿ. ಹೋಗ್ವಾಗ ಬಾಯ್ತುಂಬ ಹತ್ತಿ ಇಟ್ ಕಳಿಸ್ತೀನಿ, ಗಾಯ ಮಾಗೋಗಂಟ ಪ್ರತಿ ಬುಧ್ವಾರ ಬರ್ಬೇಕು ಅಂತೀನಿ." ಉಸಿರು ಎಳೆದುಕೊಂಡಳು. ಆಮೇಲೆ ಲೆಕ್ಕ ಹಾಕುವ ದನಿಯಲ್ಲಿ, "ಮಂಗ್ಳವಾರ ಕೀಳ್ತಾರಲ್ಲ, ಅದ್ರಲ್ಲೊಂದು ಎತ್ತಿಡಿಸ್ತೀನಿ. ಮುದುಕ್ರುದ್ದು ಆಗಲ್ಲ, ಗೊತ್ತಾಗ್ಬಿಡ್ತದೆ. ವಯಸ್ಸಿನ್ ಮಕ್ಳುದ್ದೇ ಬೇಕು," ಎಂದಳು. ಮತ್ತೆ ತಟ್ಟನೆ ದನಿ ಗಡುಸಾಯಿತು. "ಏಯ್, ಬರ್ಕೊತಾ ಇದೀಯೇನೇ?"

"ಇಲ್ಲ ಅಕ್ಕ," ಎಂದಳು ಪವಿತ್ರ.

ಎಂದು ಕೆಳಗೆ ನೋಡಿದರೆ ಪೆನ್ನಿನ ಮುಚ್ಚಳ ತೆಗೆದಿತ್ತು. ಫೈಲಿನ ಹಿಂಬದಿಯ ರಟ್ಟಿನ ಮೇಲೆ, ಕಂಪನಿಯ ಹೆಸರಿನ ಕೆಳಗೆ, ಮಂಗಳವಾರ, ಒಂದು ಹಲ್ಲು, ವಯಸ್ಸಿನವರದು ಎಂದು ಅವಳದೇ ಅಕ್ಷರದಲ್ಲಿ ಬರೆದಿತ್ತು. ಪೆನ್ನನ್ನು ಮುಷ್ಟಿಯಲ್ಲಿ ಹಿಡಿದು ಅದರ ಮೇಲೆ ಗೀಚಿದಳು. ಕಾಣದಂತಾದ ಮೇಲೂ ಗೀಚಿದಳು. ಪಕ್ಕದಲ್ಲಿ ಕೂತಿದ್ದ ಮುದುಕಿ ಯಾಕವ್ವ ಎಂದರೂ ಬಿಡದೆ, ರಟ್ಟು ಹರಿದು, ಒಳಗಿದ್ದ ಚಿಕ್ಕಬಸಮ್ಮನ ಸಹಿ ಹರಿಯುವವರೆಗೂ ಗೀಚುತ್ತಲೇ ಇದ್ದಳು.